ಮನೆಗೆರಡು ಮರ

೧೯೫೬ ಜೂನ್ ೨೧, ಗುರುವಾರ. ಗದಗ

ಇಂದು ನಮ್ಮಪ್ಪ ಹತ್ತಿ ಪೇಟೆಗೆಲ್ಲ ಪೇಢೆ ಹಂಚಿ ಬಂದ, ನನಗೆ ಮುಂಬಯಿಯ ಡಾಕ್ಟರಕಿ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದು. ಸಿಕ್ಕಿಲ್ಲ.

ಆದದ್ದಿಷ್ಟು. ಪೋಸ್ಟಿನವನು ನನ್ನ ಪತ್ರವನ್ನು ಮನೆಗೆ ತರದೆ ಅಪ್ಪನ ದಲಾಲಿ ಅಂಗಡಿಯಲ್ಲಿ ಕೊಟ್ಟ. ಅಪ್ಪನ ಇಂಗ್ಲಿಷು ಕೊಟ್ರಪ್ಪ ಎಂಬ ತನ್ನ ಹೆಸರನ್ನು ಗುರುತಿಸುವಷ್ಟು. ಗುಮಾಸ್ತ ಯಂಕಪ್ಪನದು ಒಂದು ಸಾಲಿನಷ್ಟು. ಆ ಒಂದು ಸಾಲಿನಲ್ಲಿ, 'ಕುಮಾರಿ ಗದಿಗೆವ್ವ ಇವರ ಅರ್ಜಿಯನ್ನು ಕಮಿಟಿಯು ಬಹಳ ಆದರದಿಂದ ವಿಚಾರ ಮಾಡಿದೆ' ಎಂದಿತ್ತು. ಯಂಕಪ್ಪ ಅಷ್ಟು ಓದಿ ಬೆವರು ಒರೆಸಿಕೊಳ್ಳುವುದರೊಳಗೆ ಅಪ್ಪ ಮಿಠಾಯಿ ಅಂಗಡಿ ಮುಟ್ಟಿದ್ದ. 'ಆದರೆ' ಎಂಬುದು ಎರಡನೆಯ ಸಾಲಿನಲ್ಲಿತ್ತು.

ಊಟದ ಹೊತ್ತಿಗೆ ನಾನು ಪೂರ್ತಿ ಓದಿ ಹೇಳಿದೆ. "ಅಪ್ಪಾ, ಸೀಟು ಇಲ್ಲ ಅಂತ ಬರದಾರ."

"ಆದರದಿಂದ ಅಂತ ಐತೆಲ್ಲ!"

"ಆದರದಿಂದನ ಇಲ್ಲ ಅಂದಾರ."

ಅಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಇನ್ನ ಪೇಢೆ ತಿರುಗಿ ಇಸ್ಕೊಂಡ ಬರ್ತೀರೇನು?" ಎಂದಳು.

ಅಪ್ಪ ದಲಾಲಿಯ ಬುದ್ಧಿ ಓಡಿಸಿದ. "ಪ್ಯಾಟ್ಯಾಗ ಯಾರಿಗೂ ಹೇಳೂದು ಬ್ಯಾಡ. ಬ್ಯಾರೆ ಕಡೆ ಅರ್ಜಿ ಹಾಕವ್ವ. ಎಲ್ಲೆರ ಒಂದ ಸೀಟು ಸಿಕ್ಕರ ಮುಗೀತು. ಪೇಢೆ ತಿಂದವರು ಯಾವೂರ ಕಾಲೇಜು ಅಂತ ಕೇಳಂಗಿಲ್ಲ."

"ದೀಪಾವಳಿ ತನಾ ನೋಡೂಣು," ಎಂದು ಅವ್ವ ತೀರ್ಪು ಕೊಟ್ಟಳು. "ಸಿಗಲಿಲ್ಲಂದ್ರ ಲಕ್ಷ್ಮೇಶ್ವರದ ಹುಡುಗ್ಯಾರ ಸಾಲ್ಯಾಗ ಹೊಲಿಗಿ ಅಕ್ಕೋರು ಬೇಕಾಗ್ಯಾರಂತ. ಹೋಗ್ಲಿ ಅಲ್ಲಿಗೆ."

ಹೊಲಿಗೆ ಅಕ್ಕೋರು! ಇಂಟರಿನಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳು ನಾನು. ಲಕ್ಷ್ಮೇಶ್ವರದ ಹುಡುಗಿಯರಿಗೆ ಕಾಜು ಗುಂಡಿ ಕಲಿಸುತ್ತ ಮುದುಕಿಯಾಗಬೇಕಂತೆ. ಸಿಟ್ಟಿಗೆ ಉಳಿದ ಪೇಢೆಯನ್ನೆಲ್ಲ ನಾನೇ ತಿಂದೆ.

ಜೂನ್ ೨೩, ಶನಿವಾರ

ಪೇಢೆಯ ಫಲ ಇಂದಿನಿಂದ ಶುರು. ಬೆಳಗಾಗುತ್ತಲೇ ಟಾಂಗಾದ ನಜೀರಸಾಬ ಕಾಕಾ ಬಾಗಿಲಲ್ಲಿ ನಿಂತಿದ್ದ. "ಡಾಕ್ಟರವ್ವಾರ, ಒಂಚೂರು ನಾಲಿಗಿ ನೋಡ್ರಿ," ಎಂದವನೇ ನಾನು ಬೇಡವೆನ್ನುವುದರೊಳಗೆ ಚಾಚಿಬಿಟ್ಟ.

ಅಬ್ಬಬ್ಬಾ! ಎಲೆ ಅಡಿಕೆ ತಿಂದೂ ತಿಂದೂ ಅದೊಂದು ಬಣ್ಣವಾಗಿತ್ತು. ಏನು ಹೇಳಲಿ? ಕಾಲೇಜಿನಲ್ಲಿ ನಾನು ಕೊಯ್ದು ನೋಡಿದ್ದು ಕಪ್ಪೆಯನ್ನು. ಕಪ್ಪೆಯ ನಾಲಿಗೆಯಾಗಿದ್ದರೆ ಹೇಳುತ್ತಿದ್ದೆ. "ನೀರು ಭಾಳ ಕುಡೀರಿ ಕಾಕಾ," ಎಂದೆ. ಅವನು ದೊಡ್ಡ ಔಷಧ ಸಿಕ್ಕವನಂತೆ ಕೈಮುಗಿದು ಹೋದ. ನನಗೆ ಮಧ್ಯಾಹ್ನ ಊಟ ಸೇರಲಿಲ್ಲ.

ಹಿಂದೆಯೇ ಇನ್ನಿಬ್ಬರು ಬಂದರು. ಒಬ್ಬಳದು ಮಂಡಿನೋವು, ಇನ್ನೊಬ್ಬನಿಗೆ ಬೆನ್ನ ಮೇಲೆ ಕುರು. ಕುರು ತೋರಿಸಲು ಅಂಗಿ ಎತ್ತಿದ. ನಾನು ಅಟ್ಟ ಹತ್ತಿ ಕುಳಿತೆ.

ಡಾಕ್ಟರಾಗುವುದೆಂದರೆ ಇದಲ್ಲ. ಚಿಕ್ಕವಳಿದ್ದಾಗ ಒಬ್ಬ ಡಾಕ್ಟರಬಾಯಿ ಬೆಟಗೇರಿಯಲ್ಲಿ ಟಾಂಗಾದಿಂದ ಇಳಿದದ್ದನ್ನು ನೋಡಿದ್ದೆ. ಬಿಳಿ ಕೋಟು, ಕೊರಳಲ್ಲಿ ರಬ್ಬರಿನ ನಳಿಗೆ, ಕಾಲಲ್ಲಿ ಬೂಟು. ಓಣಿಯ ಗಂಡಸರೆಲ್ಲ ಎದ್ದು ನಿಂತರು. ನನಗೆ ಬೇಕಾದದ್ದು ಅದು.

ಜೂನ್ ೩೦, ಶನಿವಾರ

ಪುಣೆ, ಹೈದರಾಬಾದ, ಮದ್ರಾಸ, ಮೈಸೂರು ಸೀಮೆ, ನಾಲ್ಕೂ ಕಡೆ ಅರ್ಜಿ ಹೋದವು. 'ನೀವೇಕೆ ಡಾಕ್ಟರ್ ಆಗಬಯಸುತ್ತೀರಿ' ಎಂಬಲ್ಲಿ 'ನರಳುವ ಮಾನವಕೋಟಿಯ ಸೇವೆಗಾಗಿ' ಎಂದು ನಾಲ್ಕರಲ್ಲೂ ಬರೆದೆ. ಹಾಗೆ ಬರೆಯಬೇಕಂತೆ.

ಅರ್ಜಿ ಮುಗಿದವೆಂದು ಕೂತರೆ ಅವ್ವ ಕೈಗೆ ಬಿದಿರಿನ ಮರ ಕೊಟ್ಟು ಜೋಳ ಕೇರಲು ಕೂಡಿಸಿದಳು. ಅವ್ವ ಕೇರಿದರೆ ಜೋಳ ಮರದಲ್ಲಿ ಉಳಿದು ಹೊಟ್ಟು ಹಾರುತ್ತದೆ. ನಾನು ಕೇರಿದರೆ ಹೊಟ್ಟು ಉಳಿದು ಜೋಳ ಅಂಗಳಕ್ಕೆ ಬೀಳುತ್ತದೆ. ಮುಂಬಯಿಯ ಕಮಿಟಿಯವರೂ ನನ್ನ ಹಾಗೆಯೇ ಕೇರಿರಬೇಕು.

ಜುಲೈ ೧೧, ಬುಧವಾರ

ಪುಣೆಯವರದು ಬಂತು. ಅವರಿಗೂ ಖೇದವಾಗಿದೆಯಂತೆ.

ಜುಲೈ ೨೪, ಮಂಗಳವಾರ

ಮದ್ರಾಸಿನವರು ತಡವಾಯಿತು ಎಂದರು. ಹೈದರಾಬಾದಿನವರು ನೀವು ಮುಂಬಯಿ ರಾಜ್ಯದವರು ಎಂದರು. ಮೈಸೂರಿನವರೂ ನೀವು ಹೊರಗಿನವರು, ಸದ್ಯಕ್ಕೆ ಇಲ್ಲ ಎಂದರು. ಮುಂಬಯಿಯವರಿಗೆ ನಾವು ಒಳಗಿನವರಾಗಿದ್ದೆವಲ್ಲ, ಅವರಾದರೂ ಏನು ಉದ್ಧಾರ ಮಾಡಿದರು?

ಶಿರಹಟ್ಟಿಯಿಂದ ಸೋದರಮಾವ ಫಕ್ಕೀರಪ್ಪ ಬಂದಿದ್ದ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ಹುಟ್ಟಿದಾಗ ಸಾಂಗ್ಲಿ ಸಂಸ್ಥಾನದಾಂವ. ಈಗ ಮುಂಬೈದಾಂವ. ದೀಪಾವಳಿ ಹೊತ್ತಿಗೆ ಮೈಸೂರಾಂವ ಆಗ್ತೀನಂತ. ನನ್ನ ಕಟ್ಟಿ ಬಿಟ್ಟು ನಾ ಎದ್ದಿಲ್ಲ ನೋಡವ್ವ, ರಾಜ್ಯಾನ ಬಂದು ಬಂದು ಹೋಗಾಕ್ಹತ್ಯಾವು!"

ನನಗೆ ನಗು ಬರಲಿಲ್ಲ. ಅಪ್ಪ ಪೇಟೆಯಿಂದ ದಿನಾ ಬೇರೆ ಬೇರೆ ಓಣಿ ಸುತ್ತಿ ಮನೆಗೆ ಬರುತ್ತಾನೆ, ಮಗಳು ಮುಂಬಯಿಗೆ ಯಾವಾಗ ಹೊರಡುತ್ತಾಳೆ ಎಂದು ಜನ ಕೇಳುತ್ತಾರೆಂದು. ಹೆಸರುಳ್ಳ ದಲಾಲಿ, ಹತ್ತಿಯ ತೂಕದಲ್ಲಿ ಒಂದು ದಿನ ಸುಳ್ಳಾಡಿದವನಲ್ಲ. ಪಾಪ ಎನ್ನಿಸಿತು. ಅವ್ವ ಸೂಜಿಯ ಡಬ್ಬಿಯನ್ನು ಧೂಳು ಒರೆಸಿ ಕಾಣುವ ಹಾಗೆ ಇಟ್ಟಿದ್ದಾಳೆ.

ಆಗಸ್ಟ್ ೪, ಶನಿವಾರ

ಕಟ್ಟೆಯ ಮೇಲೆ ಇಂದು ಐದಾರು ಮಂದಿ. ಅಟ್ಟ ಹತ್ತುವುದೂ ಸಾಕಾಯಿತು. ಒಬ್ಬೊಬ್ಬರನ್ನೇ ಕರೆದು, "ನನಗ ತಿಳಿಯಂಗಿಲ್ಲ, ನಾ ಇನ್ನೂ ಕಲಿತಿಲ್ಲ, ದವಾಖಾನಿಗೆ ಹೋಗ್ರಿ," ಎಂದು ಹೇಳಿದೆ. "ಎಷ್ಟು ದೊಡ್ಡ ಗುಣ ನೋಡ್ರಿ, ಕಲ್ತಾಕಿ ಆಗಿ ಕಲ್ತಿಲ್ಲ ಅಂತಾಳ," ಎಂದರು. ಇಂಥವರ ಜೊತೆ ಹೇಗೆ ಏಗುವುದು?

ಆಗಸ್ಟ್ ೧೩, ಸೋಮವಾರ

ಇಂದು ನನ್ನ ಹೊಸ ಇಳಕಲ್ ಸೀರೆ ಹಾಳಾಯಿತು.

ಮಲ್ಲಸಮುದ್ರದ ಹುಚ್ಚವ್ವ ಬಂದಿದ್ದಳು. ನಮ್ಮ ಓಣಿಗೆಲ್ಲ ಬುಟ್ಟಿ, ಮರ ಹೆಣೆದು ತಂದು ಕೊಡುವವಳು ಅವಳೇ. ಈ ಸಲ ತಲೆಯ ಮೇಲೆ ಮರದ ಹೊರೆ ಇರಲಿಲ್ಲ. ಬಲಗೈಗೆ ಅರಿವೆ ಸುತ್ತಿಕೊಂಡು ಬಂದು ಕಟ್ಟೆಯ ಮೇಲೆ ಕುಂತು, "ಬಿದಿರ ಸಿಬರ ಹೊಕ್ಕೈತಿ, ಒಂಚೂರು ತಗದು ಬಿಡ ಯವ್ವಾ," ಎಂದಳು.

ಅರಿವೆ ಬಿಚ್ಚಿದರೆ ಬೆರಳು ಬದನೆಕಾಯಿಯಾಗಿತ್ತು. ಅರಿಸಿನ, ಸುಣ್ಣ, ಇನ್ನೇನೇನೋ ಮೆತ್ತಿದ್ದಳು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಎದ್ದು ಒಳಗೆ ಹೋಗಬೇಕೆನ್ನುವಾಗ ಕಂಡಿತು, ಮುಂಗೈಯ ಒಳಗಿನಿಂದ ಮೊಳಕೈಯ ಕಡೆಗೆ ಒಂದು ಕೆಂಪು ಗೆರೆ ಹೊರಟಿತ್ತು. ಯಾವ ಪುಸ್ತಕದಲ್ಲೂ ನಾನು ಅದನ್ನು ಓದಿಲ್ಲ, ಆದರೂ ಹೆದರಿಕೆಯಾಯಿತು.

"ನಡಿ, ದವಾಖಾನಿಗೆ ಹೋಗೂಣು."

"ಬ್ಯಾಡವ್ವ. ಅಲ್ಲಿ ಬೆರಳು ಕತ್ತರಸ್ತಾರ. ಬೆರಳಿಲ್ಲದಾಕಿ ಮರ ಹ್ಯಾಂಗ ಹೆಣೀಲಿ? ನೀನ ತಗಿ. ನಿನ್ನ ಹೆಸರಿನ ಪೇಢೆ ತಿಂದೀನಿ ನಾ."

ಪೇಢೆಗೆ ಬೆಂಕಿ ಹಾಕ! ನಜೀರಸಾಬ ಕಾಕಾನನ್ನು ಕೂಗಿದೆ, ಹುಚ್ಚವ್ವನನ್ನು ಟಾಂಗಾಕ್ಕೆ ಎತ್ತಿ ಹಾಕಿದೆವು. ದಾರಿಯುದ್ದಕ್ಕೂ ನನ್ನನ್ನು ಬೈದಳು. ದವಾಖಾನೆಯಲ್ಲಿ ಡಾಕ್ಟರರು ಸಣ್ಣ ಚೂರಿ ತೆಗೆದಾಗ ಬೈಗುಳ ನಿಂತು, ಎಡಗೈಯಿಂದ ನನ್ನ ಕೈ ಹಿಡಿದುಕೊಂಡಳು. ಮರ ಹೆಣೆದ ಕೈ ಅದು. ನನ್ನ ಎಲುಬು ಲಟಕ್ಕೆಂದವು. ಕೀವೆಲ್ಲ ನನ್ನ ಸೀರೆಯ ಮೇಲೆ ಬಂತು. ಸಿಬಿರು ಹೊರಗೆ ಬಂದಾಗ ಮೂವರೂ ಬಗ್ಗಿ ನೋಡಿದೆವು, ಉಗುರಿನಷ್ಟು ಉದ್ದ.

"ಇನ್ನಷ್ಟು ಬಿಟ್ಟಿದ್ದರೆ ಕೈ ಉಳಿಯುತ್ತಿರಲಿಲ್ಲ. ಯಾರು ಕರೆತಂದದ್ದು?" ಎಂದರು ಡಾಕ್ಟರರು.

"ನಮ್ಮ ಡಾಕ್ಟರವ್ವ," ಎಂದಳು ಹುಚ್ಚವ್ವ.

ಅವರು ನನ್ನನ್ನು ನೋಡಿದರು. ನಾನು ಇಂಗ್ಲಿಷಿನಲ್ಲಿ, ಹುಚ್ಚವ್ವನಿಗೆ ತಿಳಿಯದ ಹಾಗೆ, ಐದು ಕಾಲೇಜುಗಳೂ ನನ್ನನ್ನು ಬೇಡವೆಂದಿವೆ ಎಂದು ಹೇಳಿದೆ. ಮನೆಯ ಹೊರಗೆ ಮೊದಲ ಸಲ ಹೇಳಿದ್ದು. ಅವರೇನೂ ನಗಲಿಲ್ಲ. "ಗಾಯ ಮಾಯುವ ತನಕ ದಿನಾ ಪಟ್ಟಿ ಬದಲಿಸಬೇಕು, ಈಕೆ ತಾನಾಗಿ ಬರುವವಳಲ್ಲ, ನೀನೇ ಕರಕೊಂಡು ಬಾ," ಎಂದರು.

ಮನೆಗೆ ಬಂದು ನಾಲ್ಕು ರೊಟ್ಟಿ ತಿಂದೆ. ಸೀರೆಯ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅವ್ವ ಬೈದಳು.

ಆಗಸ್ಟ್ ೨೬, ಭಾನುವಾರ

ಕುದುರೆ ಬೆದರಿ ನಜೀರಸಾಬ ಕಾಕಾನ ಮೊಳಕೈ ಟಾಂಗಾದ ತಗಡಿಗೆ ಹರಿಯಿತು. ಹುಚ್ಚವ್ವನ ಪಟ್ಟಿಗೆಂದು ಹೋದವಳು ಅವನನ್ನೂ ಕರೆದೊಯ್ದೆ. ಹೊಲಿಗೆ ಹಾಕುವುದನ್ನು ನಿಂತು ನೋಡಿದೆ. ಕಾಂಪೌಂಡರ ಹಾಕಿದ ಕಡೆಯ ಗಂಟು ಸಡಿಲಾಗಿತ್ತು. ಹೇಳಿದೆ, ಬಿಚ್ಚಿ ಮತ್ತೆ ಹಾಕಿದ. ಕಾಕಾ ನನ್ನ ಕಡೆ ಕೆಂಗಣ್ಣು ಬಿಟ್ಟ.

ಸೆಪ್ಟೆಂಬರ್ ೧೨, ಬುಧವಾರ

ಮೈಸೂರು ಸೀಮೆಯ ಕಾಲೇಜಿನಿಂದ ಪತ್ರ! ಹೊಸ ರಾಜ್ಯವಾಗುವುದು ಗಟ್ಟಿಯಾದದ್ದರಿಂದ ನಿಮ್ಮ ಅರ್ಜಿಯನ್ನು ಮತ್ತೆ ತೆಗೆದಿದ್ದೇವೆ, ಮಾತುಕತೆಗೆ ಬನ್ನಿ, ಇರುವುದು ಒಂದೆರಡೇ ಸೀಟು ಎಂದು ಬರೆದಿದ್ದಾರೆ. ಮೂರು ಸಲ ಕಡೆಯ ಸಾಲಿನವರೆಗೆ ಓದಿದೆ, 'ಆದರೆ' ಎಲ್ಲಿಯೂ ಇಲ್ಲ. ಅಪ್ಪ ಎದ್ದು ಜೋಡು ಮೆಟ್ಟಿದ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗೆ? ಪೇಢೆ ತರಾಕೇನು?"

"ಇಲ್ಲ, ಸುಮ್ನ ಗಾಳಿಗೆ," ಎಂದ ಅಪ್ಪ.

ನಾಳೆಯಿಂದ ಮಾನವಕೋಟಿಯ ಇಂಗ್ಲಿಷನ್ನು ಬಾಯಿಪಾಠ ಮಾಡಬೇಕು.

ಸೆಪ್ಟೆಂಬರ್ ೨೪, ಸೋಮವಾರ. ಮೈಸೂರು

ಎಲ್ಲ ಮುಗಿಯಿತು. ಇನ್ನು ಲಕ್ಷ್ಮೇಶ್ವರವೇ ಗತಿ. ಬರೆಯಲೂ ನಾಚಿಕೆ, ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಅಪಶಕುನ ಮುಂಜಾನೆ ಖಾನಾವಳಿಯಲ್ಲೇ ಆಗಿತ್ತು. ಬಡಿಸುವವನು, "ಸೊಪ್ಪಿನ ಸಾರು ಹಾಕಲೇ?" ಎಂದ. ಅಪ್ಪ ಕೆಂಡವಾದ. "ಸೊಪ್ಪಿ ದನಕ್ಕ ಹಾಕೂದು! ನಮ್ಮನ್ನೇನು ಎತ್ತು ಅಂತ ತಿಳದೀರಿ?" ನಮ್ಮಲ್ಲಿ ಸೊಪ್ಪಿ ಎಂದರೆ ಒಣಗಿದ ಜೋಳದ ದಂಟು ಎಂದು ನಾನು ಬಿಡಿಸಿ ಹೇಳುವ ತನಕ ಜಗಳ. ಇವರ ಸೊಪ್ಪು ನಮ್ಮ ತಪ್ಪಲಪಲ್ಯೆ. ನಾನು ಅಪ್ಪನನ್ನು ನೋಡಿ ನಕ್ಕಿದ್ದೆ. ನಗಬಾರದಿತ್ತು.

ಕಾಲೇಜಿನಲ್ಲಿ ಮೇಜಿನ ಆಚೆ ಮೂವರು. ಒಬ್ಬರು ಜರತಾರಿ ಪೇಟದ ಹಿರಿಯರು, ಒಬ್ಬರು ತೆಳ್ಳಗಿನ ಡಾಕ್ಟರು, ಇನ್ನೊಬ್ಬರು ಬರೀ ಬರೆದುಕೊಳ್ಳುವವರು. ಬರೆದುಕೊಳ್ಳುವವರು, "ಮುಂಬಯಿ ರಾಜ್ಯದವರಲ್ಲವೇ?" ಎಂದರು. "ನವೆಂಬರಿನಿಂದ ನಮ್ಮವರೇ," ಎಂದರು ಪೇಟದವರು. "ಇವತ್ತು ಸೆಪ್ಟೆಂಬರು," ಎಂದರು ಇವರು. ಅವರಿಬ್ಬರ ನಡುವೆ ನಾನು ಯಾವ ರಾಜ್ಯದಲ್ಲಿ ಕುಂತಿದ್ದೇನೆಂದು ತಿಳಿಯದೆ ಕುಂತಿದ್ದೆ.

ಆಮೇಲೆ ಇಂಗ್ಲಿಷಿನಲ್ಲಿ, ಡಾಕ್ಟರಿಕೆ ಯಾಕೆ ಎಂಬ ಪ್ರಶ್ನೆ ಬಂತು. ನರಳುವ ಮಾನವಕೋಟಿ ಎನ್ನುವವರೆಗೆ ಬಂದು ಮುಂದಿನದೆಲ್ಲ ಮರೆತುಹೋಯಿತು. ಪೇಟದವರಿಗೆ ಕನಿಕರ ಬಂದಿರಬೇಕು, ಕನ್ನಡದಲ್ಲಿ ಮಾತಾಡಿಸಿದರು.

"ಗಾಬರಿಯಾಗಬೇಡಿ ತಾಯಿ. ನಿಮ್ಮ ಕಡೆ ಎಲ್ಲ ಬಯಲು ಅಂತಾರೆ. ಮರಗಳು ಇವೆಯೋ ಇಲ್ಲವೋ?"

ಎಂಥ ಸುಲಭದ ಪ್ರಶ್ನೆ! ಜೀವ ಬಂತು. "ಅದಾವ್ರಿ. ಮನಿಗೆ ಎರಡು."

"ಎರಡೇನಾ?"

"ಸಾಕಾಗ್ತಾವ್ರಿ. ದೊಡ್ಡ ಮನ್ಯಾಗ ಮೂರೂ ಇರ್ತಾವು."

"ಎಲ್ಲಿ, ಹಿತ್ತಲಲ್ಲೋ?"

"ಇಲ್ರಿ, ಗ್ವಾಡಿಗೆ ತೂಗಹಾಕಿರ್ತೀವಿ."

ಬರೆದುಕೊಳ್ಳುವವರು ಬರೆಯುವುದನ್ನು ನಿಲ್ಲಿಸಿದರು. "ಮರವನ್ನು ಗೋಡೆಗೆ ತೂಗುಹಾಕ್ತೀರಾ?"

"ಮೊಳಿಗೆ ಹಾಕ್ತೀವ್ರಿ. ಕೆಳಗ ಇಟ್ರ ಇಲಿ ಕಡೀತಾವು."

"ಎಷ್ಟು ವರ್ಷ ಬಾಳುತ್ತೆ ಅದು?"

"ಸಗಣಿ ಬಳದು ಛಂದಂಗ ಇಟಗೊಂಡ್ರ ಮೂರ್ನಾಕು ವರ್ಷ ಬರ್ತದ್ರಿ. ಇಲ್ಲಂದ್ರ ಸಿಬರ ಏಳ್ತಾವು. ನಮ್ಮ ಹುಚ್ಚವ್ವಗ ಮರದ ಸಿಬರನ ಬೆರಳಿಗೆ ಹೊಕ್ಕಿತ್ತು ನೋಡ್ರಿ."

ತೆಳ್ಳಗಿನ ಡಾಕ್ಟರು ಮುಂದೆ ಬಾಗಿ, "ಯಾರು ಹುಚ್ಚವ್ವ?" ಎಂದರು. ಹುಚ್ಚವ್ವನೆಂದರೆ ನನಗೆ ಇಂಗ್ಲಿಷು ಬೇಕೇ? ಎಲ್ಲ ಹೇಳಿದೆ. ಬೆರಳು ಬಾತದ್ದು, ಕೆಂಪು ಗೆರೆ ಎಲ್ಲಿಂದ ಎಲ್ಲಿಗೆ ಏರಿತ್ತೆಂಬುದನ್ನು ನನ್ನ ಕೈಯ ಮೇಲೆಯೇ ತೋರಿಸಿದೆ. ಪಟ್ಟಿ ಬಿಚ್ಚಿದಾಗ ಮೊದಲು ವಾಸನೆ ಹೇಗಿತ್ತು, ಆಮೇಲೆ ಹೇಗಾಯಿತು, ಈಗ ಬೆರಳು ಎಷ್ಟು ಮಡಚುತ್ತದೆ ಎಂಬುದನ್ನೂ ಹೇಳಿದೆ.

"ನೀವೇನು ಮಾಡಿದಿರಿ?"

"ನಾನೇನೂ ಮಾಡ್ಲಿಲ್ರಿ. ಕೈ ಹಿಡಕೊಂಡು ನಿಂತಿದ್ದೆ."

ತೆಳ್ಳಗಿನ ಡಾಕ್ಟರು ಪಕ್ಕದವರ ಕಡೆ ತಿರುಗಿ, ಬರೆದುಕೊಳ್ಳಿ ಎಂದರು. ಕಡೆಗೆ ಪೇಟದವರು ಕೆಮ್ಮಿದರು. "ಎಲ್ಲ ಸರಿ ತಾಯಿ. ಆ ಗೋಡೆಗೆ ಹಾಕೋ ಮರ ಯಾವ ಜಾತಿಯದು?"

"ಬಿದಿರಿಂದ್ರಿ."

"ಬಿದಿರು ಮರ ಅಲ್ಲವಲ್ಲ, ಅದು ಹುಲ್ಲಿನ ಜಾತಿ."

"ಹುಲ್ಲಿಂದಾಗ್ಲಿ ಯಾತರದಾಗ್ಲಿ, ಜ್ವಾಳ ಕೇರಾಕ ಅಡ್ಡಿ ಇಲ್ರಿ."

ಪೇಟದವರ ಬಾಯಿ ಹಾಗೆಯೇ ತೆರೆದುಕೊಂಡಿತು. "ಕೇರೋದು... ಅಯ್ಯೋ ಶಿವನೇ, ಮೊರ! ಮೊರ ಕಣ್ರೀ!" ಎಂದು ಮೇಜು ಬಡಿದು ನಕ್ಕರು. ಪೇಟ ಒಂದು ಕಡೆಗೆ ವಾಲಿತು. ಉಳಿದಿಬ್ಬರೂ ಕಣ್ಣು ಒರೆಸಿಕೊಂಡರು. ಆಗ ನನಗೆ ಹೊಳೆಯಿತು. ಪುಸ್ತಕದಲ್ಲಿ ನೂರು ಸಲ ಓದಿದ್ದೇನೆ, ಇವರ ಮರವೆಂದರೆ ನಮ್ಮ ಗಿಡ. ಬೇವಿನ ಗಿಡ, ಹುಣಸಿ ಗಿಡ! ಗದಗಿನಲ್ಲಿ ಗಿಡಗಳನ್ನು ಮೊಳೆಗೆ ತೂಗುಹಾಕುತ್ತಾರೆಂದು ಹೇಳಿ ಬಂದಿದ್ದೇನೆ. ಭೂಮಿ ಬಾಯಿ ಬಿಟ್ಟಿದ್ದರೆ ಕುರ್ಚಿ ಸಮೇತ ಇಳಿಯುತ್ತಿದ್ದೆ.

ಹೊರಗೆ ಅಪ್ಪ, "ಏನಂದ್ರು?" ಎಂದ.

"ನಕ್ಕರು."

"ನಗಲಿ ಬಿಡು. ಗಿರಾಕಿ ನಕ್ಕನಂದ್ರ ಸೌದಾ ಅರ್ಧ ಆದಂಗ," ಎಂದು ಅಪ್ಪ ಬೆನ್ನು ತಟ್ಟಿದ. ನಾನು ಅತ್ತುಬಿಟ್ಟೆ.

ಅಕ್ಟೋಬರ್ ೯, ಮಂಗಳವಾರ. ಗದಗ

ಸುದ್ದಿ ಇಲ್ಲ. ಲಕ್ಷ್ಮೇಶ್ವರದ ಸಾಲಿಯವರು ದೀಪಾವಳಿ ಹಬ್ಬದ ಮರುದಿನ ಬಂದು ಸೇರಿಕೊಳ್ಳಿರೆಂದು ಹೇಳಿ ಕಳಿಸಿದ್ದಾರೆ. ಅಪ್ಪ ಹಬ್ಬದೊಳಗೆ ಪೇಟೆಯಲ್ಲಿ ಖರೆ ಹೇಳಿಬಿಡುತ್ತೇನೆ ಎನ್ನುತ್ತಾನೆ. ಹೇಳುವ ಮುಖ ಅವನಿಗಿಲ್ಲ. ನೋಡಿದರೆ ನನಗೆ ಸಂಕಟವಾಗುತ್ತದೆ.

ಹೊಲಿಗೆ ಅಕ್ಕೋರಾಗಬಾರದೆಂದಲ್ಲ, ಆದರೂ ಆಗಲಾರೆ. ಲಕ್ಷ್ಮೇಶ್ವರದಲ್ಲಿ ಕುಂತರೆ ಹುಚ್ಚವ್ವನಂಥವರನ್ನು ಇಲ್ಲಿ ಯಾರು ಟಾಂಗಾಕ್ಕೆ ಎತ್ತಿ ಹಾಕಬೇಕು?

ಅಕ್ಟೋಬರ್ ೩೦, ಮಂಗಳವಾರ

ಮುಂಜಾನೆಯೇ ಪೇಟೆಯ ಅಡತಿ ಅಂಗಡಿಯ ಹಮಾಲಿ ಯಮನೂರಪ್ಪನ ಹೆಂಡತಿಗೆ ಜ್ವರ ತಲೆಗೇರಿತೆಂದು ಕರೆದರು. ದವಾಖಾನೆಗೆ ಒಯ್ದು, ಜ್ವರ ಇಳಿಯುವ ತನಕ ಹಣೆಗೆ ನೀರುಪಟ್ಟಿ ಹಾಕುತ್ತ ಕುಂತು, ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಕೈ ತೊಳೆದು ರೊಟ್ಟಿ ಮುರಿದೆ. ಅಪ್ಪ ಎದುರಿಗೆ ಒಂದು ಪತ್ರ ಹಿಡಿದುಕೊಂಡು ಕುಂತೇ ಇದ್ದ. ಅಂಗಡಿಗೂ ಹೋಗಿಲ್ಲ.

"ಮೈಸೂರಿಂದು. ಯಂಕಪ್ಪನ ಕಡೆ ಓದಿಸಿಲ್ಲ. ನೀನ ಓದು, ಕೆಳಗಿನ ಸಾಲಿಂದ ಮ್ಯಾಲಕ್ಕ ಓದು," ಎಂದ.

ಕೆಳಗಿನಿಂದ ಓದಿದೆ. ನಡುವಿನಲ್ಲಿ ಒಂದು 'ಆದರೆ' ಇತ್ತು. 'ಆದರೆ ತಡವಾಗಿ ಸೇರುವವರು ತಪ್ಪಿದ ಪಾಠಗಳನ್ನು ರಜೆಯಲ್ಲಿ ಮುಗಿಸತಕ್ಕದ್ದು.' ಅಂದರೆ ಸೇರುವವಳು ನಾನು!

ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಮುಖ ಹಿಡಿದಳು. "ಸೂಜಿ ಡಬ್ಬಿ ಒಯ್ಯಿ. ಅಲ್ಲೂ ಮಂದೀನ್ನ ಹೊಲೀತಾರಂತಲ್ಲ," ಎಂದಳು. ಅಳುತ್ತಿದ್ದಳು, ನಮ್ಮವ್ವ.

ನವೆಂಬರ್ ೧, ಗುರುವಾರ

ಊರೆಲ್ಲ ತೋರಣ, ಹಲಗೆಯ ಬಡಿತ, ಜಯಘೋಷ. ಕನ್ನಡ ನಾಡು ಒಂದಾಯಿತು. ಅಪ್ಪ ಎರಡು ಬುಟ್ಟಿ ಪೇಢೆ ಹೊರಿಸಿಕೊಂಡು ಪೇಟೆಗೆ ಹೋದ. ಇಷ್ಟು ದಿನ ಓಣಿ ಸುತ್ತಿ ಬರುತ್ತಿದ್ದವನು ಇಂದು ನಡುರಸ್ತೆಯಲ್ಲಿ ಹೋದ.

ಮರಳಿ ಬಂದಾಗ ಮುಖ ಸಣ್ಣದಾಗಿತ್ತು. ಒಬ್ಬರೂ ಯಾಕೆಂದು ಕೇಳಲಿಲ್ಲವಂತೆ. ಇಂದು ಎಲ್ಲರೂ ಎಲ್ಲರಿಗೂ ಪೇಢೆ ಕೊಡುವವರೇ. "ಹೌದ್ರೀ ಸಾವಕಾರ್ರ, ಕರ್ನಾಟಕ ಆತು!" ಎಂದು ತಿಂದು ಹೋದರಂತೆ. ಮಗಳಿಗೆ ಸೀಟು ಸಿಕ್ಕಿತೆಂದು ಹೇಳುವ ಹಾಗಿಲ್ಲ, ಪೇಟೆಯವರ ಲೆಕ್ಕದಲ್ಲಿ ಅದು ಜೂನಿನಲ್ಲೇ ಸಿಕ್ಕಿದೆ.

"ಖರೆ ಸುದ್ದಿ ಹೇಳಾಕ ಒಬ್ಬರೂ ಸಿಗಲಿಲ್ಲಲ್ಲೋ!" ಎಂದು ಅಪ್ಪ ಹಲುಬಿದ. ಅವ್ವ ಮತ್ತು ನಾನು ಬಿದ್ದು ಬಿದ್ದು ನಕ್ಕೆವು. ಕಡೆಗೆ ಅವನೂ ನಕ್ಕ.

ನವೆಂಬರ್ ೬, ಮಂಗಳವಾರ. ಗಾಡಿಯಲ್ಲಿ

ಅಲುಗಾಡುವ ಗಾಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಅಪ್ಪ ಎದುರಿಗೆ ನಿದ್ದೆ ಹೊಡೆಯುತ್ತಿದ್ದಾನೆ.

ಸ್ಟೇಶನ್ನಿಗೆ ಕಟ್ಟೆಯ ಮಂದಿಯೆಲ್ಲ ಬಂದಿದ್ದರು. ನಜೀರಸಾಬ ಕಾಕಾ ಕಡೆಯ ಸಲವೆಂದು ನಾಲಿಗೆ ತೋರಿಸಿದ. ಹಿಡಿದು ಸರಿಯಾಗಿ ನೋಡಿ, ಎಲೆ ಅಡಿಕೆ ಬಿಡಿರಿ ಎಂದೆ. ಗಾಡಿ ಸೀಟಿ ಹೊಡೆಯುವ ಹೊತ್ತಿಗೆ ಹುಚ್ಚವ್ವ ಏದುತ್ತ ಬಂದಳು, ತಲೆಯ ಮೇಲೆ ಹೊಸ ಮರ. ಪಟ್ಟಿ ಬಿಚ್ಚಿದ ಮೇಲೆ ಆ ಬೆರಳಿನಿಂದ ಹೆಣೆದ ಮೊದಲನೆಯದಂತೆ. ಕಿಟಕಿಯಿಂದ ಒಳಗೆ ತುರುಕಿದಳು. ನಾನು ಮೊದಲು ಬೆರಳನ್ನೇ ಹಿಡಿದು ಮಡಚಿ ನೋಡಿದೆ. ಪೂರ್ತಿ ಮಡಚುತ್ತದೆ. ಅಂಚಿನ ಮೇಲೆಲ್ಲ ಕೈಯಾಡಿಸಿದೆ, ಒಂದೂ ಸಿಬಿರು ಇಲ್ಲ. ಮರವನ್ನು ಮಡಿಲಲ್ಲಿ ಇಟ್ಟುಕೊಂಡೆ.

"ಒಯ್ಯವ್ವ," ಎಂದಳು. "ಆ ಊರಾಗ ಮರ ಅದಾವೋ ಇಲ್ಲೋ."

"ಅದಾವಬೇ," ಎಂದೆ. "ಹಾದಿ ಎರಡೂ ಮಗ್ಗಲಕ್ಕ ಸಾಲಾಗಿ ನಿಲ್ಲಿಸ್ಯಾರ."

ಗಾಡಿ ಹೊರಟಿತು. ಹುಚ್ಚವ್ವ ಜೊತೆಯಲ್ಲೇ ನಾಲ್ಕು ಹೆಜ್ಜೆ ಓಡಿದಳು, ಮುಖದಲ್ಲಿ ನಿಜವಾದ ಮರುಕ.

"ಹಾದ್ಯಾಗ?" ಎಂದು ಕೂಗಿದಳು. "ಮಳ್ಯಾಗ ತೊಯ್ಯಂಗಿಲ್ಲೇನ ಯವ್ವಾ? ಆ ಮಂದೀಗೆ ಒಂಚೂರು ಬುದ್ಧಿ ಹೇಳು, ಒಳಗ ಇಟಗೋರಿ ಅನ್ನು!"

ಹೇಳುತ್ತೇನೆ ಎಂದು ಕೂಗಿದೆ.